ಸಂಶೋಧನೆಗೆ ಅರ್ಜಿ ಬರೆಯುವ ಮುನ್ನ ತೋಟಕ್ಕೆ ಹೋಗಿ ಬನ್ನಿ

ಪ್ರತಿ ಜನವರಿಯಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳು ನನ್ನ ಮೇಜಿನ ಮುಂದೆ ನಿಂತು, ‘ಸರ್, ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬೇಕಿತ್ತು’ ಎನ್ನುತ್ತಾರೆ. ರಜೆಯಲ್ಲಿ ಸಂಶೋಧಕರ ಕೈಕೆಳಗೆ ಕೆಲಸ ಕಲಿಯುವ ಅವಕಾಶ ಅದು. ಆದರೆ ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಗಡುವಿನೊಳಗೆ ಹಾಕಿದವರಲ್ಲೂ ಹಲವರು ಸೋಲುವುದು ಅಂಕ ಸಾಲದೆ ಅಲ್ಲ, ಬರೆಯಲು ಬಾರದೆ.

ಹೆಜ್ಜೆ 1: ಮಳೆಗಾಲ ಮುಗಿಯುತ್ತಿದ್ದಂತೆ ಜಾಲತಾಣ ನೋಡಲು ಶುರು ಮಾಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಒಂದಿದೆ. ದೂರ ಕಳಿಸಲು ಮನೆಯವರು ಒಪ್ಪದಿದ್ದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅಥವಾ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ನೇರವಾಗಿ ಬರೆದು ಕೇಳಿ.

ಹೆಜ್ಜೆ 2: ಶಿಫಾರಸು ಪತ್ರ. ನಿಮ್ಮನ್ನು ಪ್ರಯೋಗಾಲಯದಲ್ಲಿ ಕಂಡ ಅಧ್ಯಾಪಕರನ್ನು ಕೇಳಿ, ಮೂರು ವಾರ ಮೊದಲೇ ಕೇಳಿ.

ಹೆಜ್ಜೆ 3: ನಿಮ್ಮ ಬರಹ. ಎಲ್ಲರೂ ಎಡವುವುದು ಇಲ್ಲೇ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂಬ ಸಾಲನ್ನು ನಾನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿಯೂ ಹಾಗೆಯೇ ಬರೆದು ತಂದಿದ್ದಳು. ‘ನಿಮ್ಮ ಅಡಿಕೆ ತೋಟದಲ್ಲಿ ಈ ವರ್ಷ ಏನಾಯಿತು?’ ಎಂದು ಕೇಳಿದೆ. ಕೊಳೆ ರೋಗ ಬಂತು ಸರ್ ಎಂದಳು. ಎಲ್ಲೆಲ್ಲಿ? ಸ್ವಲ್ಪ ಯೋಚಿಸಿ, ಒಂದೇ ದಿನ ಕೊಳೆಗೆ ಬೋರ್ಡೋ ಮದ್ದು ಹೊಡೆದಿದ್ದರೂ ಹಳ್ಳದ ಬದಿಯ ಸಾಲುಗಳಲ್ಲಿ ಕಾಯಿ ಹೆಚ್ಚು ಉದುರಿತು, ಕೊಟ್ಟೆ ಕಟ್ಟಿದ, ಅಂದರೆ ಮಳೆ ತಾಗದಂತೆ ಹೊದಿಕೆ ಹಾಕಿದ ಗೊನೆಗಳು ಉಳಿದುಕೊಂಡವು ಎಂದಳು. ಅದನ್ನೇ ಬರೆ ಎಂದೆ.

ಅವಳು ಮತ್ತೆ ತೋಟಕ್ಕೆ ಹೋಗಿ ಹಳ್ಳದ ಬದಿಯಲ್ಲೂ ಅದರಿಂದ ದೂರದಲ್ಲೂ ಇಪ್ಪತ್ತಿಪ್ಪತ್ತು ಮರಗಳ ಬುಡದಲ್ಲಿ ಬಿದ್ದ ಕಾಯಿ ಎಣಿಸಿದಳು. ಹೊಸ ಬರಹದ ಮೊದಲ ಸಾಲಿನಲ್ಲಿ ಆ ಎಣಿಕೆ, ಎರಡನೆಯದರಲ್ಲಿ ತನ್ನ ಊಹೆ: ತೇವ ಆರದಿರುವುದು ಕಾರಣವೋ, ಮದ್ದು ತೊಳೆದುಹೋಗಿದ್ದೋ? ಮೂರನೆಯದರಲ್ಲಿ ಅದನ್ನು ತಿಳಿಯಲು ತಾನು ಕಲಿಯಬೇಕಾದ ವಿಧಾನ. ತೋಟದ ವಿಷಯ ಬರೆಯಲು ಸಂಕೋಚ ಬೇಡ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಮೈಸೂರು ಸಂಸ್ಥಾನದ ಅಡಿಕೆ ಕೊಳೆಯ ಮೇಲೆ ವೈಜ್ಞಾನಿಕ ಬರಹ ಪ್ರಕಟಿಸಿದ್ದರು.

ಮಾರ್ಗದರ್ಶಕರಿಗೆ ಮಿಂಚಂಚೆ ಕಳಿಸುವಾಗಲೂ ಇದೇ ಕ್ರಮ. ಒಂದೇ ಪತ್ರವನ್ನು ನಲವತ್ತು ಜನರಿಗೆ ಕಳಿಸಬೇಡಿ. ಐದು ಜನರನ್ನು ಆರಿಸಿ, ಒಬ್ಬೊಬ್ಬರ ಒಂದು ಪ್ರಬಂಧವನ್ನಾದರೂ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಜಾಗವನ್ನು ಪತ್ರದಲ್ಲಿ ಹೆಸರಿಸಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಪತ್ರ ಬರೆಸಲೇಬೇಡಿ, ಎಲ್ಲರದೂ ಒಂದೇ ಅಚ್ಚಿನಲ್ಲಿ ಬಂದು ನಿಮ್ಮ ಎಣಿಕೆ, ನಿಮ್ಮ ಹಳ್ಳ ಕಾಣೆಯಾಗುತ್ತವೆ. ಹಣ ಕಟ್ಟಿಸಿಕೊಂಡು ಹದಿನೈದು ದಿನದಲ್ಲಿ ‘ಇಂಟರ್ನ್‌ಶಿಪ್ ಪ್ರಮಾಣಪತ್ರ’ ಕೊಡುವವರಿಂದ ದೂರವಿರಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ಮಾತ್ರ ನೆನಪಿಸಿ.

ಹೆಜ್ಜೆ 4: ಆಯ್ಕೆಯಾದರೆ ಹೊಲಿದ ನೋಟ್‌ಬುಕ್ ಕೊಳ್ಳಿ. ಸುರುಳಿ ತಂತಿಯದು ಬೇಡ, ಹಾಳೆ ಹರಿಯುವ ಆಸೆ ಹುಟ್ಟುತ್ತದೆ. ತಪ್ಪಿದ ಪ್ರಯೋಗವನ್ನೂ ದಿನಾಂಕ ಹಾಕಿ ಬರೆಯಿರಿ.

ಕೆಲಸ ನಮ್ಮ ಮಲೆನಾಡಿನ ಕಾಡಿನಲ್ಲೇ ಇದ್ದರೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಬೇಸಿಗೆ ಅದರ ಕಾಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಹೋಗಿ. ಮನೆಗೆ ಬಂದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಹೊರಗೇ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.