ಸುಟ್ಟಗಾಯದ ಕಲೆಗೆ ಸ್ಟೆಮ್ ಸೆಲ್: ಮೊದಲ ಹಂತದ ಪ್ರಯೋಗದಲ್ಲಿ ನನ್ನ ಅನುಭವ

ಸುಟ್ಟಗಾಯದ ಹಳೆಯ ಕಲೆಗಳಿಗೆ ಸ್ಟೆಮ್ ಸೆಲ್ ಚುಚ್ಚುವ ಮೊದಲ ಹಂತದ ಕ್ಲಿನಿಕಲ್ ಪ್ರಯೋಗವೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿ ಕೆಲಸ ಮಾಡಿದ್ದೇನೆ. ಕೋಶಗಳನ್ನು ಬೆಳೆಸುವುದು, ಕಾಪಾಡುವುದು, ಚುಚ್ಚುವುದು ಎಲ್ಲವೂ ಶ್ರಮದ ಕೆಲಸವೇ. ಆದರೆ ಕಲೆಯಲ್ಲಿ ಕಂಡ ಬದಲಾವಣೆ ಆ ಕೋಶಗಳಿಂದಲೇ ಆಯಿತೆಂದು ಹೇಳುವುದು ಅದಕ್ಕಿಂತ ಎಷ್ಟೋ ಕಷ್ಟ. ಪ್ರಯೋಗದ ರೂಪರೇಷೆಯಲ್ಲಿ ನಾವು ಮಾಡಿಕೊಂಡ ಬಹುಪಾಲು ನಿರ್ಧಾರಗಳು ಈ ಒಂದು ತೊಡಕಿನ ಸುತ್ತಲೇ ಇದ್ದವು.

ಸುಟ್ಟಗಾಯ ಆಳವಾಗಿದ್ದಾಗ ಹಾಳಾಗುವುದು ಒಳಚರ್ಮ. ಅದರ ಜಾಗದಲ್ಲಿ ದೇಹ ಅವಸರದಿಂದ ಕಾಲಜನ್ ಎಂಬ ನಾರಿನಂಥ ಪ್ರೋಟೀನನ್ನು ತುಂಬುತ್ತದೆ. ಟಿಜಿಎಫ್-ಬೀಟಾದಂಥ ಸಂಕೇತ ಪ್ರೋಟೀನುಗಳಿಂದ ಪ್ರಚೋದನೆಗೊಂಡ, ಗಾಯವನ್ನು ಎಳೆದು ಮುಚ್ಚುವ ಮಯೋಫೈಬ್ರೊಬ್ಲಾಸ್ಟ್ ಕೋಶಗಳು ಗಾಯ ಮುಚ್ಚಿದ ಮೇಲೂ ತಣ್ಣಗಾಗದೆ ಎಳೆಯುತ್ತಲೇ ಇರುವುದರಿಂದ ಕಲೆ ಉಬ್ಬುತ್ತದೆ, ಬಿಗಿಯುತ್ತದೆ, ತುರಿಸುತ್ತದೆ. ಮೇಲ್ಚರ್ಮವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನವನ್ನು ಸಂಶೋಧಕರಾದ ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲೇ ಪ್ರಕಟಿಸಿದ್ದರು. ದೇಹದ ಶೇ 95ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಮಕ್ಕಳ ಗಾಯವನ್ನು ಹಾಗೆ ಬೆಳೆಸಿದ ಹಾಳೆಗಳಿಂದ ಮುಚ್ಚಿದ ವರದಿ 1984ರಲ್ಲಿ ಬಂತು. ಅದು ಜೀವ ಉಳಿಸಿದ ಸಾಧನೆ ನಿಜ, ಆದರೆ ಒಳಚರ್ಮವಿಲ್ಲದ ಆ ಹೊದಿಕೆ ಸುಲಭವಾಗಿ ಗುಳ್ಳೆಯೇಳುತ್ತದೆ, ಮುಂದೆ ಸಂಕುಚಿತಗೊಳ್ಳುತ್ತದೆ. ಕಲೆಯ ಸಮಸ್ಯೆ ಅಲ್ಲಿಗೇ ಉಳಿಯಿತು.

ನಾವು ಬಳಸಿದ್ದು ರೋಗಿಯದೇ ಹೊಟ್ಟೆಯ ಕೊಬ್ಬಿನಿಂದ ಬೇರ್ಪಡಿಸಿ ಬೆಳೆಸಿದ, ಮೆಸೆಂಕೈಮಲ್ ಎಂಬ ಬಗೆಯ ಸ್ಟೆಮ್ ಸೆಲ್‌ಗಳನ್ನು. ಇವು ಹೊಸ ಚರ್ಮವಾಗಿ ಬೆಳೆಯುತ್ತವೆ ಎಂಬ ನಂಬಿಕೆ ರೋಗಿಗಳಲ್ಲಿ ವ್ಯಾಪಕವಾಗಿದೆ. ಕೆಲವು ವೈದ್ಯರಲ್ಲಿಯೂ ಇದೆ ಎನ್ನಲು ಸಂಕೋಚವಾಗುತ್ತದೆ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ಕಣ್ಮರೆಯಾಗುತ್ತವೆ. ಇದ್ದಷ್ಟು ದಿನ ಅವು ಸ್ರವಿಸುವ ವಸ್ತುಗಳು ಉರಿಯೂತವನ್ನು ತಗ್ಗಿಸಿ, ಸುತ್ತಲಿನ ಕೋಶಗಳ ವರ್ತನೆಯನ್ನು ಬದಲಿಸಬಹುದು ಎಂಬುದೇ ಈ ಚಿಕಿತ್ಸೆಯ ಹಿಂದಿನ ತರ್ಕ. ಬೆಳೆದ ಕೋಶಗಳು ನಿಜಕ್ಕೂ ಮೆಸೆಂಕೈಮಲ್ ಕೋಶಗಳೇ ಎಂದು ಖಚಿತಪಡಿಸಲು 2006ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಮಾನದಂಡಗಳಿವೆ: ಪ್ಲಾಸ್ಟಿಕ್ ತಟ್ಟೆಗೆ ಅಂಟಿ ಬೆಳೆಯಬೇಕು, ಮೇಲ್ಮೈಯಲ್ಲಿ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತಿನ ಪ್ರೋಟೀನುಗಳು ಇರಬೇಕು, ಸಿಡಿ45ರಂಥ ರಕ್ತಕೋಶದ ಗುರುತುಗಳು ಇರಬಾರದು, ಮೂಳೆ, ಕೊಬ್ಬು ಮತ್ತು ಮೃದ್ವಸ್ಥಿ ಕೋಶಗಳಾಗಿ ಮಾರ್ಪಡುವ ಶಕ್ತಿಯಿರಬೇಕು. ಸೋಂಕು, ಮೈಕೊಪ್ಲಾಸ್ಮ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ, ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಇವುಗಳ ಪರೀಕ್ಷೆಗಳು ಇದರ ಜೊತೆಗೆ.

ಚುಚ್ಚುವ ದಿನದ ಕಷ್ಟಗಳು ಪ್ರೋಟೊಕಾಲ್ ಕಡತದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಗಟ್ಟಿಯಾದ ಕಲೆಯೊಳಗೆ ದ್ರವ ಇಳಿಯುವುದೇ ಇಲ್ಲ. ಪಿಸ್ಟನ್ ಒತ್ತಿದರೆ ಸೂಜಿಯೇ ಸಿರಿಂಜಿನಿಂದ ಕಳಚಿ ಹಾರುತ್ತದೆ, ಇಲ್ಲವೇ ಚುಚ್ಚಿದ ದಾರಿಯಲ್ಲೇ ದ್ರವ ಹಿಂದಕ್ಕೆ ಜಿನುಗುತ್ತದೆ. ಆದ್ದರಿಂದ ಸೂಜಿಯನ್ನು ತಿರುಗಿಸಿ ಬಿಗಿಮಾಡುವ ಒಂದು ಮಿಲಿಲೀಟರಿನ ಸಿರಿಂಜನ್ನೇ ಬಳಸಿ, ಸೂಜಿಯನ್ನು ಹಿಂದಕ್ಕೆ ಎಳೆಯುತ್ತಾ ಹನಿಹನಿಯಾಗಿ ಬಿಡುತ್ತಿದ್ದೆ. ಕೋಶಗಳು ಸಿರಿಂಜಿನ ತಳಕ್ಕೆ ಇಳಿಯುವುದರಿಂದ ಪ್ರತಿ ಚುಚ್ಚಿಗೂ ಮೊದಲು ಅದನ್ನು ಮೆಲ್ಲಗೆ ಹೊರಳಿಸಬೇಕು. ಕಲೆಗೇ ಲಿಡೊಕೇನ್ ಎಂಬ ಅರಿವಳಿಕೆ ಮದ್ದು ಹಾಕಿ ಮರಗಟ್ಟಿಸುವುದು ಸುಲಭದ ದಾರಿ, ಆದರೆ ಅದು ಈ ಕೋಶಗಳಿಗೆ ವಿಷಕಾರಿ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿರುವುದರಿಂದ ಕಲೆಯಿಂದ ದೂರದಲ್ಲಿ ನರಕ್ಕೇ ಅರಿವಳಿಕೆ (ಬ್ಲಾಕ್) ಕೊಡುತ್ತಿದ್ದೆವು.

ಹೋಲಿಕೆಗಾಗಿ ಒಂದೇ ಕಲೆಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಕೋಶಗಳನ್ನೂ ಇನ್ನೊಂದಕ್ಕೆ ಕೋಶಗಳಿಲ್ಲದ ಅದೇ ದ್ರವವನ್ನೂ, ಅಷ್ಟೇ ಚುಚ್ಚುಗಳಲ್ಲಿ ಕೊಡಲಾಯಿತು. ಎರಡನೆಯ ಭಾಗಕ್ಕೂ ಸೂಜಿ ಏಕೆ ಎಂದು ನೀತಿ ಸಮಿತಿಯ ಸದಸ್ಯರೊಬ್ಬರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಸೂಜಿಯ ಚುಚ್ಚೇ ಕಾಲಜನ್ನನ್ನು ಮರುಜೋಡಣೆಗೆ ಹಚ್ಚುತ್ತದೆ; ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಮೈಕ್ರೊನೀಡ್ಲಿಂಗ್ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಸೂಜಿಯೇ ತಾಗದ ಭಾಗದೊಂದಿಗೆ ಹೋಲಿಸಿದ್ದರೆ ಸೂಜಿಯ ಫಲವನ್ನು ಕೋಶಗಳ ಲೆಕ್ಕಕ್ಕೆ ಬರೆದುಬಿಡುತ್ತಿದ್ದೆವು. ಒಂದು ಭಾಗದ ಸ್ರಾವ ಇನ್ನೊಂದಕ್ಕೆ ಹರಡಬಹುದೆಂದು ನಡುವೆ ಪಟ್ಟಿಯೊಂದನ್ನು ಖಾಲಿ ಬಿಟ್ಟೆವು. ಕೋಶಗಳಿರುವ ದ್ರವ ತುಸು ಮಬ್ಬಾಗಿ ಕಾಣುತ್ತದೆ, ಇಲ್ಲದ್ದು ತಿಳಿಯಾಗಿರುತ್ತದೆ. ಹೀಗಾಗಿ ಸಿರಿಂಜುಗಳಿಗೆಲ್ಲ ಅಪಾರದರ್ಶಕ ಟೇಪು ಸುತ್ತಿಸಿ, ಅಂಕ ಕೊಡುವ ವೈದ್ಯರನ್ನು ಆ ಕೋಣೆಯಿಂದಲೇ ದೂರ ಇಟ್ಟೆವು.

ಕಲೆ ತಾನಾಗಿಯೇ ಮಾಗಲು ಒಂದೆರಡು ವರ್ಷ ಬೇಕಾಗುತ್ತದೆ. ಎಳೆಯ ಕಲೆಗೆ ಏನು ಹಚ್ಚಿದರೂ ಅದು ಗುಣವಾಗುತ್ತಿರುವಂತೆಯೇ ಕಾಣುತ್ತದೆ. ಆ ಕಾರಣಕ್ಕೆ ಮಾಗಿದ ಕಲೆಗಳನ್ನಷ್ಟೇ ಆರಿಸಿಕೊಂಡೆವು. ಹಳೆಯ ಕಲೆ ಚಿಕಿತ್ಸೆಗೆ ಕಡಿಮೆ ಸ್ಪಂದಿಸುವ ಸಾಧ್ಯತೆಯಿದೆ ಎಂಬ ಆಕ್ಷೇಪ ಬಂತು, ಆ ನಷ್ಟವನ್ನು ಒಪ್ಪಿಕೊಂಡೇ ಮುಂದುವರಿದೆವು. ಈಗಲೂ ಅದು ಸರಿಯೆಂದೇ ನನ್ನ ಅಭಿಪ್ರಾಯ.

ಅಳತೆಗೆ, ಕಲೆಗೆ ಅಂಕ ಕೊಡುವ 1990ರ ವ್ಯಾಂಕೂವರ್ ಮಾಪಕ ಈ ಕ್ಷೇತ್ರದ ಎಲ್ಲರಿಗೂ ಪರಿಚಿತ: ಬಣ್ಣ, ರಕ್ತನಾಳಗಳ ಕೆಂಪು, ಮೃದುತ್ವ, ಎತ್ತರ. ತುರಿಕೆಗೂ ನೋವಿಗೂ ಅದರಲ್ಲಿ ಜಾಗವಿಲ್ಲ. ಆದರೆ ರೋಗಿಗಳು ಬಾಯಿಬಿಟ್ಟು ಹೇಳುವ ಮೊದಲ ದೂರೇ ತುರಿಕೆ, ರಾತ್ರಿ ನಿದ್ದೆ ಕೆಡಿಸುವ ತುರಿಕೆ. ಹಾಗಾಗಿ ರೋಗಿಯೂ ವೈದ್ಯರೂ ಪ್ರತ್ಯೇಕವಾಗಿ ಅಂಕ ಕೊಡುವ 2004ರ ಪೊಸಾಸ್ ಮಾಪಕವನ್ನೂ ಸೇರಿಸಿದೆವು. ದಪ್ಪಕ್ಕೆ ಅಲ್ಟ್ರಾಸೌಂಡ್, ಹಿಗ್ಗುವಿಕೆಗೆ ಚರ್ಮವನ್ನು ಹೀರಿ ಅಳೆಯುವ ಕ್ಯೂಟೊಮೀಟರ್. ಪ್ರತಿ ಸಲವೂ ಅದೇ ಬಿಂದುವನ್ನು ಅಳೆಯಲು ಪಾರದರ್ಶಕ ಹಾಳೆಯ ಮೇಲೆ ಕಲೆಯ ಅಂಚನ್ನೂ ಹತ್ತಿರದ ಮಚ್ಚೆಗಳನ್ನೂ ಬರೆದಿಟ್ಟುಕೊಳ್ಳುತ್ತಿದ್ದೆವು. ಪರೀಕ್ಷೆಗೆ ಚರ್ಮದ ಚೂರು ಕತ್ತರಿಸಿ ತೆಗೆಯುವ ಬಯಾಪ್ಸಿ ಐಚ್ಛಿಕವಾಗಿತ್ತು, ಕಲೆ ಹೋಗಲಿ ಎಂದು ಬಂದವರಿಗೆ ಇನ್ನೊಂದು ಕಲೆ ಮಾಡಿಸಿಕೊಳ್ಳಿ ಎಂದು ಒತ್ತಾಯಿಸಲಾಗದು.

ಚುಚ್ಚಿದ ಜಾಗದಲ್ಲಿ ಊತ ಮತ್ತು ನೋವು ಕೆಲವು ದಿನ ಇದ್ದು ಇಳಿದವು. ಹಲವರಲ್ಲಿ ಎರಡೂ ಭಾಗಗಳು ಮೆತ್ತಗಾದವು, ತುರಿಕೆಯೂ ಎರಡೂ ಕಡೆ ತಗ್ಗಿತು. ಮೊದಲ ಹಂತದ ಉದ್ದೇಶ ಸುರಕ್ಷತೆಯನ್ನು ನೋಡುವುದು. ಇಷ್ಟು ಕಡಿಮೆ ಜನರಲ್ಲಿ ಕಂಡ ವ್ಯತ್ಯಾಸದಿಂದ ಪರಿಣಾಮದ ಬಗ್ಗೆ ತೀರ್ಪು ಕೊಡಲಾಗದು. ಒಪ್ಪಿಗೆ ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದರೂ, ಉಳಿದರ್ಧಕ್ಕೂ ಕೋಶಗಳನ್ನು ಹಾಕಿಕೊಡಿ ಎಂದು ಹಲವರು ಕೇಳಿದರು. ಯಾವ ಅರ್ಧಕ್ಕೆ ಏನು ಹೋಗಿದೆಯೆಂದು ಆಗ ಅವರಿಗೂ ಗೊತ್ತಿರಲಿಲ್ಲ, ಅಂಕ ಕೊಡುವವರಿಗೂ ಗೊತ್ತಿರಲಿಲ್ಲ. ಹೆಚ್ಚು ಜನರ ಮುಂದಿನ ಹಂತ ಮುಗಿಯುವವರೆಗೆ ಆಗದು ಎಂದು ಹೇಳಿ, ಅಲ್ಲಿಯವರೆಗೆ ಸಿಲಿಕೋನ್ ಹಾಳೆ, ಮಾಲೀಸು, ವ್ಯಾಯಾಮ ಮುಂದುವರಿಸಲು ಸೂಚಿಸಿ ಕಳುಹಿಸಿದೆ. ಗಡ್ಡೆಯೇನಾದರೂ ಕಾಣಿಸಿಕೊಳ್ಳುತ್ತದೆಯೇ ಎಂದು ನೋಡಲು ಅವರನ್ನು ಈಗಲೂ ನಿಯತವಾಗಿ ಕರೆಸಿಕೊಳ್ಳುತ್ತಿದ್ದೇವೆ.