ಅನ್ಯೋನೆಯ ಹಳೇ ದಫ್ತರಗಳಲ್ಲಿ ನನ್ನ ಗಂಡನ ಪೂರ್ವಜರು

ಇಟಲಿಯಲ್ಲಿ ಪೂರ್ವಜರನ್ನು ಹುಡುಕಬೇಕಾದರೆ ಊರಿನ ಹೆಸರು ಗೊತ್ತಿರಲೇಬೇಕು. ಇಡೀ ದೇಶಕ್ಕೆ ಸೇರಿ ಒಂದೇ ಪಟ್ಟಿ ಅಂತ ಎಲ್ಲೂ ಇಲ್ಲ. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಬರೆದಿಟ್ಟಿರುವುದು ಆಯಾ ಊರಿನ ಕೊಮೂನೆ, ಅಂದರೆ ನಮ್ಮ ಪುರಸಭೆಯಂಥ ಕಚೇರಿ. ಅದಕ್ಕಿಂತ ಹಿಂದಿನದನ್ನು ಬರೆದಿಟ್ಟವರು ಆಯಾ ಊರಿನ ಚರ್ಚಿನ ಪಾದ್ರಿ. ಊರು ತಿಳಿಯದೆ ಬರೀ ಮನೆತನದ ಹೆಸರು ಹಿಡಿದು ಹೊರಟರೆ ತಿಂಗಳುಗಟ್ಟಲೆ ಸುಮ್ನೆ ಅಲೆಯಬೇಕಾಗುತ್ತದೆ.

ನನ್ನ ಗಂಡನ ಮುತ್ತಜ್ಜ 1909ರಲ್ಲಿ ಅಮೆರಿಕಕ್ಕೆ ಬಂದವರು. ಒಹಾಯೊದ ಯಂಗ್ಸ್‌ಟೌನ್‌ನಲ್ಲಿ ಉಕ್ಕಿನ ಕಾರ್ಖಾನೆಯ ಕೂಲಿ. ‘ನಾವು ನೇಪಲ್ಸ್‌ನವರು’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅತ್ತೆಯೂ ಅದನ್ನೇ ನಂಬಿದ್ದರು. ಆದರೆ ದಕ್ಷಿಣ ಇಟಲಿಯ ಲಕ್ಷಾಂತರ ಜನ ಹಡಗು ಹತ್ತಿದ್ದೇ ನೇಪಲ್ಸ್ ಬಂದರಿನಲ್ಲಿ. ಮನೆಮಾತಿನಲ್ಲಿ ಹತ್ತಿದ ಬಂದರೇ ಹುಟ್ಟೂರಾಗಿಬಿಡುತ್ತದೆ. ಹಾಗಾಗಿ ನಾನು ಮನೆಮಾತನ್ನು ಬದಿಗಿಟ್ಟು ಅಮೆರಿಕದ ಕಾಗದಗಳಿಂದ ಶುರು ಮಾಡಿದೆ.

ಮೊದಲು ಸಿಕ್ಕಿದ್ದು ಮೊದಲ ಮಹಾಯುದ್ಧದ ಹೊತ್ತಿನ ಸೇನಾ ನೋಂದಣಿ ಕಾರ್ಡು. ಅದರಲ್ಲಿ ಹುಟ್ಟಿದ ಜಾಗ ‘ಅಬ್ರುಜ್ಜಿ’ ಎಂದಷ್ಟೇ ಇತ್ತು. ಕರ್ನಾಟಕದವರು ಅಂದಷ್ಟೇ ಹೇಳಿದ ಹಾಗೆ. ನಿಜವಾಗಿ ಕೈಹಿಡಿದದ್ದು ಹಡಗಿನ ಪ್ರಯಾಣಿಕರ ಪಟ್ಟಿ. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡ್ ಮೂಲಕ ಬಂದವರ ಪಟ್ಟಿಗಳನ್ನು ಈಗ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ನೋಡಬಹುದು. 1907ರ ಕಾನೂನಿನ ಮೇಲೆ ಬಂದ ಪಟ್ಟಿಗಳಲ್ಲಿ ಒಂದು ಹೆಚ್ಚಿನ ಕಾಲಂ ಇದೆ: ಊರಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿಯ ಹೆಸರು ಮತ್ತು ವಿಳಾಸ. ನಮ್ಮ ಮುತ್ತಜ್ಜನ ಸಾಲಿನಲ್ಲಿ ಅಪ್ಪನ ಹೆಸರಿತ್ತು, ಪಕ್ಕದಲ್ಲಿ ಅನ್ಯೋನೆ ಎಂಬ ಊರಿತ್ತು. ಇಷ್ಟಾದರೆ ಅರ್ಧ ಕೆಲಸ ಆದಂತೆ.

ಎಲ್ಲಿಸ್ ಐಲ್ಯಾಂಡ್‌ನ ಗುಮಾಸ್ತರು ಹೆಸರು ಬದಲಾಯಿಸಿಬಿಟ್ಟರು ಅನ್ನೋ ಕಥೆ ಇಟಲಿ ಮೂಲದ ಎಷ್ಟೋ ಮನೆಗಳಲ್ಲಿದೆ. ಅದನ್ನು ನಂಬಬೇಡಿ. ಪಟ್ಟಿ ಬರೆದದ್ದು ಹಡಗು ಹೊರಡುವ ಕಡೆ. ಇಲ್ಲಿನವರು ಅದನ್ನು ನೋಡಿ ತಾಳೆ ಹಾಕುತ್ತಿದ್ದರು ಅಷ್ಟೆ. ಹೆಸರಿನ ಕೊನೇ ಸ್ವರ ಉದುರಿದ್ದು ಆಮೇಲೆ, ಶಾಲೆಯಲ್ಲೋ ಕಾರ್ಖಾನೆಯಲ್ಲೋ.

ಅನ್ಯೋನೆ ದಕ್ಷಿಣ ಇಟಲಿಯ ಮೊಲೀಸೆ ಪ್ರಾಂತ್ಯದಲ್ಲಿ ಗುಡ್ಡದ ಮೇಲಿನ ಊರು. ಜನ ಐದು ಸಾವಿರದ ಆಸುಪಾಸು. ಚರ್ಚಿನ ಗಂಟೆ ಎರಕ ಹೊಯ್ಯುವ ಮರಿನೆಲ್ಲಿ ಮನೆತನದ ಕಾರ್ಖಾನೆಯಿಂದಾಗಿ ಹೆಸರುವಾಸಿ. ತಾಮ್ರದ ಕೆಲಸಕ್ಕೂ ಹಳೇ ಹೆಸರಿದೆ. ಈ ಊರು ನಕ್ಷೆಯಲ್ಲಿ ಕದಲಿಲ್ಲ, ಆದರೆ ಸರ್ಕಾರಿ ಕಾಗದದಲ್ಲಿ ಅದರ ಜಾಗ ಬದಲಾಗುತ್ತಾ ಬಂದಿದೆ. 1963ರವರೆಗೆ ಅಬ್ರುಜ್ಜೊ, ಮೊಲೀಸೆ ಎರಡೂ ಒಂದೇ ಪ್ರಾಂತ್ಯ. ನಮ್ಮ ಕಾರ್ಡಿನ ‘ಅಬ್ರುಜ್ಜಿ’ ಬಂದದ್ದು ಅದರಿಂದ. ಇವತ್ತು ಅನ್ಯೋನೆ ಇಸೆರ್ನಿಯ ಜಿಲ್ಲೆಯಲ್ಲಿದೆ, ಆದರೆ ಆ ಜಿಲ್ಲೆ ಹುಟ್ಟಿದ್ದೇ 1970ರಲ್ಲಿ. ಅದಕ್ಕೂ ಮೊದಲು ಕಂಪೊಬಾಸ್ಸೊ. ಹಳೇ ದಾಖಲೆ ಹುಡುಕುವಾಗ ಎರಡೂ ಜಿಲ್ಲೆಗಳ ಹೆಸರಿನಲ್ಲಿ ನೋಡಬೇಕು. ಇಟಲಿಯ ಬೇರೆ ಊರುಗಳಿಗೂ ಈ ಮಾತು ಸಲ್ಲುತ್ತದೆ.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಜಾಸ್ತಿ ಇರುವುದು ‘ಅಂತೆನಾತಿ’ ಎಂಬ ಜಾಲತಾಣದಲ್ಲಿ. ಇಟಲಿಯ ಸರ್ಕಾರಿ ದಫ್ತರಖಾನೆಗಳು ತಮ್ಮ ಜನನ ಮರಣದ ಪುಸ್ತಕಗಳ ಚಿತ್ರಗಳನ್ನು ಅಲ್ಲಿ ಹಾಕಿವೆ. ದುಡ್ಡು ಕೊಡಬೇಕಿಲ್ಲ. ಎಲ್ಲ ಜಿಲ್ಲೆಯದೂ ಇಲ್ಲ, ಎಲ್ಲ ವರ್ಷದ್ದೂ ಇಲ್ಲ. ಹೆಸರು ಹಾಕಿ ಹುಡುಕಿದರೆ ಸಿಗುವುದು ಸ್ವಲ್ಪ ಮಾತ್ರ. ಉಳಿದದ್ದಕ್ಕೆ ಊರು, ವರ್ಷ, ಪುಸ್ತಕ ಆರಿಸಿ ಪುಟ ತಿರುಗಿಸಬೇಕು. ಪ್ರತಿ ವರ್ಷದ ಪುಸ್ತಕದ ಕೊನೆಗೆ ಸಾಮಾನ್ಯವಾಗಿ ಹೆಸರುಗಳ ಸೂಚಿ ಇರುತ್ತದೆ, ಹತ್ತು ವರ್ಷಕ್ಕೊಂದು ಒಟ್ಟು ಸೂಚಿಯೂ ಇರುತ್ತದೆ. ಅಲ್ಲಿಂದ ಸಂಖ್ಯೆ ಹಿಡಿದು ಒಳಗೆ ಹೋಗಿ. ಇಟಾಲಿಯನ್ ಬರಲ್ಲ ಅಂತ ಹೆದರಬೇಡಿ. ಎಲ್ಲ ಪುಟದಲ್ಲೂ ಅದೇ ಅಚ್ಚು ಹಾಕಿದ ವಾಕ್ಯ. ನಾಲ್ಕೈದು ಪುಟ ಓದಿದರೆ ಯಾವ ಜಾಗದಲ್ಲಿ ಅಪ್ಪ, ಯಾವ ಜಾಗದಲ್ಲಿ ಅಮ್ಮ ಅಂತ ಕಣ್ಣಿಗೇ ಗೊತ್ತಾಗುತ್ತದೆ. ತಾರೀಖುಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಿರುತ್ತಾರೆ. ಆದ್ದರಿಂದ ಸಂಖ್ಯೆಗಳ ಇಟಾಲಿಯನ್ ಹೆಸರು ಕಲಿಯುವುದು ಒಳ್ಳೆಯದು.

ದಕ್ಷಿಣದವರ ವಂಶ ಹುಡುಕುವವರಿಗೆ ಒಂದು ಅನುಕೂಲ ಇದೆ. ನೆಪೋಲಿಯನ್ ಕಡೆಯವರು ನೇಪಲ್ಸ್ ರಾಜ್ಯವನ್ನು ಆಳುತ್ತಿದ್ದಾಗ 1809ರಲ್ಲಿ ಸರ್ಕಾರಿ ನೋಂದಣಿ ಶುರುವಾಯಿತು. ಅವರು ಹೋದ ಮೇಲೆ ಮರಳಿ ಬಂದ ಹಳೇ ರಾಜಮನೆತನದ ಬೂರ್ಬೊನ್ ರಾಜರೂ ಅದನ್ನು ನಿಲ್ಲಿಸಲಿಲ್ಲ. ಸಿಸಿಲಿಯಲ್ಲಿ 1820ರಿಂದ ಇದೆ. ಉತ್ತರದಲ್ಲಿ ಹಾಗಲ್ಲ. ಅಲ್ಲಿ ಬಹಳ ಕಡೆ ನೆಪೋಲಿಯನ್ ಕಾಲದ ನೋಂದಣಿ ನಿಂತುಹೋಗಿ, ಮತ್ತೆ ಶುರುವಾಗಿದ್ದು 1866ರಲ್ಲಿ. ವೆನೆತೊದಲ್ಲಿ 1871. ಆಸ್ಟ್ರಿಯದ ಕೈಯಲ್ಲಿದ್ದ ತ್ರೆಂತೀನೊದಲ್ಲಂತೂ 1923ರ ಕೊನೆಯವರೆಗೆ ಪಾದ್ರಿಗಳೇ ಬರೆಯುತ್ತಿದ್ದರು. ಅಲ್ಲಿನವರು ಬೇಗನೆ ಚರ್ಚಿನ ಬಾಗಿಲು ತಟ್ಟಬೇಕಾಗುತ್ತದೆ.

ಹಿಂದಕ್ಕೆ ಹೋಗಲು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮದುವೆಯ ಕಾಗದ. ಬೂರ್ಬೊನ್ ಕಾಲದ ಮದುವೆ ಪುಟಕ್ಕೆ ಎರಡು ಭಾಗ. ಎಡಕ್ಕೆ ಅಧಿಕಾರಿಯ ಮುಂದೆ ಹುಡುಗ ಹುಡುಗಿ ಕೊಟ್ಟ ಮಾತು, ಚರ್ಚಿನಲ್ಲಿ ಮದುವೆಯಾಗುತ್ತೇವೆ ಅಂತ. ಬಲಕ್ಕೆ, ಯಾವ ಚರ್ಚಿನಲ್ಲಿ ಯಾವತ್ತು ಮದುವೆಯಾಯಿತು ಅಂತ ಪಾದ್ರಿಯಿಂದ ಬಂದ ವರದಿ. ಹುಟ್ಟಿನ ಪುಟದಲ್ಲೂ ಹಾಗೆಯೇ. ಬಲಭಾಗದಲ್ಲಿ ಜ್ಞಾನಸ್ನಾನ ಆದ ದಿನ ಮತ್ತು ಚರ್ಚು. ಅನ್ಯೋನೆಯಂಥ ಸಣ್ಣ ಊರಿನಲ್ಲಿ ಹತ್ತಕ್ಕೂ ಹೆಚ್ಚು ಚರ್ಚುಗಳಿವೆ. ಯಾವ ಪಾದ್ರಿಯನ್ನು ಕೇಳಬೇಕು ಅಂತ ಈ ಬಲಭಾಗವೇ ಹೇಳಿಬಿಡುತ್ತದೆ. ಬಹಳ ಜನ ಎಡಭಾಗ ಓದಿ ಮುಂದೆ ಹೋಗಿಬಿಡುತ್ತಾರೆ.

ಆ ಪುಟಕ್ಕಿಂತ ದೊಡ್ಡ ನಿಧಿ ಅದರ ಹಿಂದಿನ ಕಡತ. ಮದುವೆಗೆ ಮುಂಚೆ ಹುಡುಗ ಹುಡುಗಿ ಅಧಿಕಾರಿಗೆ ಒಂದು ಕಟ್ಟು ಕಾಗದ ಕೊಡಬೇಕಿತ್ತು. ಇದಕ್ಕೆ ಅಲ್ಲೆಗಾತಿ ಅಂತಲೂ ಪ್ರೊಚೆಸ್ಸೆತ್ತಿ ಅಂತಲೂ ಹೇಳುತ್ತಾರೆ. ಇಬ್ಬರ ಜನನದ ನಕಲು. ಮೊದಲ ಮದುವೆಯವರು ಸತ್ತಿದ್ದರೆ ಅವರ ಮರಣದ ನಕಲು. ಅಪ್ಪ ಸತ್ತಿದ್ದರೆ ಅದರ ನಕಲು. ಅಪ್ಪ ಇಲ್ಲದಿದ್ದರೆ ಅಜ್ಜ ಒಪ್ಪಿಗೆ ಕೊಡಬೇಕಿತ್ತು, ಅಜ್ಜನೂ ಇಲ್ಲದಿದ್ದರೆ ಅವನ ಮರಣದ ನಕಲೂ ಬೇಕು. ಒಂದೇ ಕಟ್ಟಿನಲ್ಲಿ ಮೂರು ತಲೆಮಾರು! ಇನ್ನೊಂದು ವಿಷಯ. 1809ಕ್ಕಿಂತ ಮೊದಲು ಹುಟ್ಟಿದವರಿಗೆ ಸರ್ಕಾರಿ ಜನನ ಪತ್ರ ಎಲ್ಲಿಂದ ಬರಬೇಕು? ಪಾದ್ರಿ ತನ್ನ ಪುಸ್ತಕ ನೋಡಿ ಜ್ಞಾನಸ್ನಾನದ ನಕಲು ಬರೆದುಕೊಡುತ್ತಿದ್ದ. ಅಂದರೆ 1780ರ ದಶಕದ ಚರ್ಚಿನ ಬರಹ 1810ರ ದಶಕದ ಸರ್ಕಾರಿ ಕಟ್ಟಿನೊಳಗೆ ಕೂತಿದೆ. ಮೂಲ ಪುಸ್ತಕಕ್ಕೆ ಗೆದ್ದಲು ಹಿಡಿದಿರಲಿ, ಭೂಕಂಪದಲ್ಲಿ ಹೋಗಿರಲಿ, ಈ ನಕಲು ಉಳಿದಿರುತ್ತದೆ. ಮೊಲೀಸೆಯಲ್ಲಿ 1805ರ ಜುಲೈ 26ರಂದು ದೊಡ್ಡ ಭೂಕಂಪ ಆಗಿತ್ತು. ಆ ಕಡೆಯ ವಂಶ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಈ ಕಟ್ಟುಗಳು ಕೆಲವು ಊರಿನವು ಅಂತೆನಾತಿಯಲ್ಲೇ ಇವೆ. ಇಲ್ಲದಿದ್ದರೆ ಜಿಲ್ಲಾ ದಫ್ತರಖಾನೆಗೆ ಹೋಗಿ ಕೇಳಬೇಕು.

ಸಾವಿನ ಪುಸ್ತಕವನ್ನು ಎಲ್ಲರೂ ಕೊನೆಗಿಡುತ್ತಾರೆ. ನಾನು ಮೊದಲಿಗೇ ನೋಡುತ್ತೇನೆ. 1815ರಲ್ಲಿ 80 ವರ್ಷದ ಮುದುಕಿ ಸತ್ತರೆ, ಅವಳ ಅಪ್ಪ ಅಮ್ಮನ ಹೆಸರೂ ಆ ಪುಟದಲ್ಲಿರುತ್ತದೆ. ಚರ್ಚಿನ ಒಂದು ಪುಟವನ್ನೂ ಮುಟ್ಟದೆ 1730ರ ದಶಕದ ದಂಪತಿ ಸಿಕ್ಕರು ಅಲ್ವಾ? ವಯಸ್ಸನ್ನು ಮಾತ್ರ ಪೂರ್ತಿ ನಂಬಬಾರದು. ಅದನ್ನು ಹೇಳಿದವರು ನೆರೆಹೊರೆಯವರು. ಐದು ಹತ್ತು ವರ್ಷ ಆಚೀಚೆ ಇರುವುದು ಮಾಮೂಲು.

ಇಲ್ಲಿ ನನ್ನ ಊರಿನ ಒಂದು ಮಾತು. ಹಾವೇರಿ ಕಡೆಯ ನಮ್ಮ ಮನೆಗೆ ಹೆಳವರು ಬಂದು, ದವಸ ಈಸಿಕೊಂಡು, ಮನೆತನದ ಸಾಲನ್ನು ಗಡಗಡ ಹೇಳುತ್ತಿದ್ದರು. ಅವರ ಸಾಲಿನಲ್ಲಿ ಗಂಡಸರದೇ ಹೆಸರು. ಮದುವೆಯಾಗಿ ಬಂದ ಹೆಂಗಸರು ಎಲ್ಲಿಯವರು ಅನ್ನೋದು ಬರುತ್ತಿರಲಿಲ್ಲ. ಇಟಲಿಯ ಪುಸ್ತಕದಲ್ಲಿ ಹೆಂಗಸು ಸಾಯುವವರೆಗೂ ತವರಿನ ಹೆಸರೇ ಇಟ್ಟುಕೊಂಡಿರುತ್ತಾಳೆ. ಅವಳ ಕಸುಬೂ ಬರೆದಿರುತ್ತದೆ, ನೂಲುವವಳು ಅಂತ, ರೈತ ಹೆಂಗಸು ಅಂತ. ಅಮ್ಮಂದಿರ ಸಾಲನ್ನು ಹಿಡಿದು ಹೋಗುವುದು ಅಷ್ಟೇ ಸಲೀಸು. ನನಗೆ ಇದು ಎಲ್ಲಕ್ಕಿಂತ ಖುಷಿ ಕೊಟ್ಟ ವಿಷಯ.

ಹೆಸರಿಡುವ ಪದ್ಧತಿ ಮಾತ್ರ ನಮ್ಮ ಮನೆಯದೇ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಹೆಣ್ಣುಮಕ್ಕಳಿಗೂ ಹಾಗೆಯೇ ಅಜ್ಜಿಯರ ಹೆಸರು. ಇದರಿಂದ ಊಹೆ ಮಾಡಲು ಅನುಕೂಲ. ಜೊತೆಗೆ ತಲೆನೋವೂ ಹೌದು. ಜುಸೆಪ್ಪೆ ಎಂಬ ಅಜ್ಜನಿಗೆ ಐವರು ಗಂಡುಮಕ್ಕಳಿದ್ದರೆ ಒಂದೇ ಓಣಿಯಲ್ಲಿ ಐವರು ಜುಸೆಪ್ಪೆಗಳು, ಮನೆತನವೂ ಒಂದೇ. ಆಗ ಅಪ್ಪನ ಹೆಸರನ್ನು ನೋಡಬೇಕು. ಅಪ್ಪ ಬದುಕಿದ್ದರೆ ಅವನ ಹೆಸರಿನ ಮುಂದೆ ‘ದಿ’, ತೀರಿಕೊಂಡಿದ್ದರೆ ‘ಫು’. ಒಂದು ಕಾಗದದಲ್ಲಿ ‘ದಿ’, ಮೂರು ವರ್ಷದ ನಂತರದ ಕಾಗದದಲ್ಲಿ ‘ಫು’ ಇದ್ದರೆ, ಸಾವಿನ ಪುಸ್ತಕದಲ್ಲಿ ಆ ಮೂರು ವರ್ಷ ಮಾತ್ರ ಹುಡುಕಿದರೆ ಸಾಕು.

ನಮ್ಮ ಸಾಲಿನಲ್ಲಿ ಒಂದು ಕಡೆ ದಾರಿ ಕಟ್ಟಿಹೋಯಿತು. 1880ರ ದಶಕದ ಒಂದು ಜನನ ಪುಟದಲ್ಲಿ ಅಮ್ಮನ ಹೆಸರೇ ಇಲ್ಲ. ಮದುವೆಯಾಗದ ಹೆಂಗಸಿನ ಜೊತೆಗಿನ ಸಂಬಂಧದಿಂದ ಹುಟ್ಟಿದ ಮಗು ಅಂತ ಬರೆದಿದೆ. ಅತ್ತೆಗೆ ಹೇಳಲು ನನಗೆ ಮುಜುಗರ. ಕಾರಣ ಬೇರೆಯೇ ಇತ್ತು. 1866ರಿಂದ 1929ರವರೆಗೆ ಇಟಲಿಯ ಸರ್ಕಾರ ಬರೀ ಚರ್ಚಿನಲ್ಲಿ ಆದ ಮದುವೆಯನ್ನು ಮದುವೆ ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎಷ್ಟೋ ಜನ ಪಾದ್ರಿಯ ಮುಂದೆ ಮದುವೆಯಾಗಿ, ಕೊಮೂನೆಗೆ ಹೋಗುತ್ತಲೇ ಇರಲಿಲ್ಲ. ಅಂಥವರ ಮಕ್ಕಳು ಚರ್ಚಿನ ಪುಸ್ತಕದಲ್ಲಿ ಸರಿಯಾದ ಸಂತಾನ, ಸರ್ಕಾರಿ ಪುಸ್ತಕದಲ್ಲಿ ಅಲ್ಲ. ಆ ಪುಟದಲ್ಲಿ ಇಲ್ಲದ ಅಮ್ಮನ ಹೆಸರು ಚರ್ಚಿನ ಮದುವೆ ಪುಸ್ತಕದಲ್ಲಿ ಚೆನ್ನಾಗಿ, ಅಪ್ಪ ಅಮ್ಮನ ಹೆಸರಿನ ಸಮೇತ ಸಿಕ್ಕಿತು. ಅತ್ತೆ ನಕ್ಕರು. ‘ಅಂತೂ ನಮ್ಮಜ್ಜಿಗೆ ಮದುವೆ ಮಾಡಿಸಿದೆ ನೀನು’ ಅಂದರು.

ಚರ್ಚಿನ ಪುಸ್ತಕಗಳ ಇತಿಹಾಸ ಹಳೆಯದು. ಜ್ಞಾನಸ್ನಾನ ಮತ್ತು ಮದುವೆಯನ್ನು ಬರೆದಿಡಬೇಕು ಎಂದು 1563ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ತ್ರೆಂತೊ ಸಭೆ ಹೇಳಿತು. ಸಾವಿನ ಪುಸ್ತಕ ಮತ್ತು ‘ಸ್ತಾತೊ ದೆಲ್ಲೆ ಆನಿಮೆ’ 1614ರ ಹೊಸ ನಿಯಮದಿಂದ ಬಂದವು. ಈ ಎರಡನೆಯದು ಮನೆಮನೆಯ ಜನಗಣತಿ. ಪಾದ್ರಿ ಈಸ್ಟರ್ ಹೊತ್ತಿಗೆ ಮನೆಗಳಿಗೆ ಹೋಗಿ ಯಾರ್ಯಾರಿದ್ದಾರೆ, ಎಷ್ಟು ವಯಸ್ಸು, ಅಳಿಯ ಯಾರು, ವಿಧವೆ ಅತ್ತಿಗೆ ಯಾರು ಅಂತ ಬರೆಯುತ್ತಿದ್ದ. ಎಲ್ಲ ಚರ್ಚಿನಲ್ಲೂ ಇದು ಉಳಿದಿಲ್ಲ. ಉಳಿದಿದ್ದರೆ ಮೊದಲು ಅದನ್ನೇ ಕೇಳಿ.

ಬರಹ ಲ್ಯಾಟಿನ್‌ನಲ್ಲಿ ಇರುತ್ತದೆ, ಆದರೆ ಅದೂ ಒಂದೇ ಪಾಠ ಮತ್ತೆ ಮತ್ತೆ. ಎಚ್ಚರ ಬೇಕಾದದ್ದು ತಿಂಗಳ ಹೆಸರಿನಲ್ಲಿ. 7 ಅಂತ ಬರೆದು ಪಕ್ಕದಲ್ಲಿ ‘ಬ್ರಿಸ್’ ಅಂತಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಂದರೆ ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಪಾದ್ರಿಗಳಿಗೆ ಬರೆಯುವಾಗ ನಾನು ಪಾಲಿಸುವ ಕ್ರಮ ಹೀಗಿದೆ. ಪತ್ರ ಇಟಾಲಿಯನ್‌ನಲ್ಲಿ, ಒಂದೇ ಪುಟ. ಒಂದು ಸಲಕ್ಕೆ ಒಬ್ಬರದೇ ಹೆಸರು, ಅಂದಾಜು ವರ್ಷ, ಅಪ್ಪ ಅಮ್ಮನ ಹೆಸರು. ‘ನಮ್ಮ ವಂಶದ್ದೆಲ್ಲ ಕಳಿಸಿ’ ಅಂತ ಬರೆದರೆ ಉತ್ತರ ಬರಲ್ಲ. ಈಗ ಒಬ್ಬ ಪಾದ್ರಿ ಮೂರು ನಾಲ್ಕು ಹಳ್ಳಿ ನೋಡಿಕೊಳ್ಳುವುದುಂಟು, ಹುಡುಕಿಕೊಡುವುದು ಅವರ ಕೆಲಸವೂ ಅಲ್ಲ. ಚರ್ಚಿಗೆ ಸ್ವಲ್ಪ ಕಾಣಿಕೆ ಕಳಿಸುವುದು ಮರ್ಯಾದೆ. ಆಗಸ್ಟ್ ತಿಂಗಳು, ಈಸ್ಟರ್‌ನ ಮುಂಚಿನ ವಾರಗಳು, ಊರ ಸಂತನ ಹಬ್ಬದ ದಿನಗಳನ್ನು ಬಿಟ್ಟು ಬರೆಯಿರಿ. ಅನ್ಯೋನೆ ಸೇರಿರುವುದು ತ್ರಿವೆಂತೊ ಧರ್ಮಪ್ರಾಂತ್ಯಕ್ಕೆ. ಹಾಗಾಗಿ ಊರಿನ ಚರ್ಚಿಗೆ ಬರೆದ ಮೇಲೆ ಅಲ್ಲಿಗೂ ಬರೆದೆ. ಹಳೇ ಪುಸ್ತಕಗಳನ್ನು ಕೆಲವು ಕಡೆ ಬಿಷಪ್ಪರ ದಫ್ತರಕ್ಕೆ ಸಾಗಿಸಿರುತ್ತಾರೆ.

ಕೊಮೂನೆ ಕಚೇರಿಗೆ ಹೋಗಬೇಕಾಗುವುದು 70 ವರ್ಷದೊಳಗಿನ ಕಾಗದಕ್ಕೆ ಅಥವಾ ಮೊಹರು ಹಾಕಿದ ನಕಲಿಗೆ. ಇಟಲಿಯ ಪೌರತ್ವಕ್ಕೆಂದು ಹುಡುಕುವವರಿಗೆ ಮೊಹರು ಬೇಕು. 2025ರ ಹೊಸ ಕಾನೂನಿನ ಮೇಲೆ ಅಜ್ಜ ಅಜ್ಜಿಗಿಂತ ಹಿಂದಿನವರ ಹೆಸರಿನಲ್ಲಿ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ. ನಮ್ಮದು ಮುತ್ತಜ್ಜನ ಸಾಲು, ಆದ್ದರಿಂದ ಆ ಯೋಚನೆಯೇ ಇಲ್ಲ.

ಜಿಲ್ಲಾ ದಫ್ತರಖಾನೆಗೆ ಹೋದರೆ ಸೇನಾ ಭರ್ತಿಯ ಪುಸ್ತಕಗಳನ್ನು ತಪ್ಪದೆ ಕೇಳಿ. ಹುಟ್ಟಿದ ವರ್ಷದ ಪ್ರಕಾರ ಎಲ್ಲ ಗಂಡಸರ ಹೆಸರೂ ಇರುತ್ತದೆ. ಎತ್ತರ, ಕೂದಲಿನ ಬಣ್ಣ, ಕಸುಬು, ಓದು ಬರಹ ಬರುತ್ತದೋ ಇಲ್ಲವೋ ಅಂತಲೂ ಬರೆದಿರುತ್ತಾರೆ. ನಮ್ಮ ಮುತ್ತಜ್ಜನ ಫೋಟೊ ಒಂದೂ ಉಳಿದಿಲ್ಲ. ಕಂದು ಕೂದಲು, ತಾಮ್ರದ ಕೆಲಸ, ಅಮೆರಿಕದಲ್ಲಿದ್ದಾನೆ ಎಂಬ ಟಿಪ್ಪಣಿ, ಎಲ್ಲ ಸಿಕ್ಕಿದ್ದು ಅಲ್ಲೇ.

ಇನ್ನು ನೋಡಬೇಕಾಗಿರುವುದು ನೇಪಲ್ಸ್‌ನ ದಫ್ತರಖಾನೆಯಲ್ಲಿರುವ ‘ಕತಾಸ್ತೊ ಒಂಚಾರಿಯೊ’. 1740ರ ದಶಕದಲ್ಲಿ ರಾಜ ಕಾರ್ಲೊ ತೆರಿಗೆಗೆಂದು ಮಾಡಿಸಿದ ಲೆಕ್ಕ. ಮನೆಯ ಯಜಮಾನ, ಹೆಂಡತಿ, ಮಕ್ಕಳು, ವಯಸ್ಸು, ಕಸುಬು, ಹೊಲ, ಕತ್ತೆ ಕುರಿ, ಎಲ್ಲ ಬರೆದಿದೆ. ಸಾವಿನ ಪುಸ್ತಕದಿಂದ ಸಿಕ್ಕ ಆ ಹಳೇ ದಂಪತಿಯ ಹೆಸರು ನನ್ನ ಬಳಿ ಇದೆ. ಆ ಲೆಕ್ಕದಲ್ಲಿ ಅವರ ಮನೆ ಸಿಕ್ಕರೆ, ಮನೆಯಲ್ಲಿದ್ದ ಹಿರಿಯರ ಮದುವೆಯನ್ನು ಚರ್ಚಿನ ಪುಸ್ತಕದಲ್ಲಿ ಹುಡುಕಬೇಕು.