ಹಿತ್ತಲಲ್ಲಿ ಗಾಂಜಾ ಗಿಡ, ಕೈಯಲ್ಲಿ ವೀಸಾ: ಅಮೆರಿಕದ ಫೆಡರಲ್ ಕಾನೂನು ಬದಲಾದರೆ ಏನಾಗುತ್ತದೆ

ನ್ಯೂಯಾರ್ಕ್‌ನಲ್ಲಿ 21 ತುಂಬಿದವರು ತಮ್ಮ ಬಳಕೆಗೆಂದು ಮನೆಯಲ್ಲಿ ಆರು ಗಾಂಜಾ ಗಿಡ ಬೆಳೆಸಬಹುದು: ಬಲಿತವು ಮೂರು, ಎಳೆಯವು ಮೂರು. ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಅದೇ ಗಾಂಜಾವನ್ನು ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳಬಹುದು, ಆದರೆ ಕುಂಡದಲ್ಲಿ ಒಂದೇ ಗಿಡ ಬೆಳೆಸಿದರೂ ಜೈಲುಶಿಕ್ಷೆಯ ಅಪರಾಧ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ ಇರುವವರಿಗೆ ದಿನಕ್ಕೆರಡು ಸಲ ಕಾನೂನು ಬದಲಾಗುತ್ತದೆ. ಇವೆರಡರ ಮೇಲೆ ಕೂತಿರುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿಗೆ ಮಾತ್ರ ಎರಡೂ ದಡ ಒಂದೇ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯ ಪ್ರಕಾರ ಗಾಂಜಾ ಬೆಳೆಯುವುದು ಅಪರಾಧ. 50ಕ್ಕಿಂತ ಕಡಿಮೆ ಗಿಡಗಳಿದ್ದರೂ 5 ವರ್ಷದವರೆಗೆ ಸೆರೆವಾಸ ಕೊಡಬಹುದು.

ರಾಜ್ಯಗಳ ನಿಯಮ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೇ ಜನರಿರಲಿ, ಮನೆಗೆ ಆರು ಗಿಡ. ಹೊರಗೆ ಬೆಳೆಯುವುದನ್ನು ನಗರಸಭೆ ನಿಷೇಧಿಸಬಹುದು, ಮನೆಯೊಳಗಿನ ಆರನ್ನು ಪೂರ್ತಿ ನಿಷೇಧಿಸುವಂತಿಲ್ಲ. ಮಿಷಿಗನ್‌ನಲ್ಲಿ ಮನೆಗೆ 12, ಆರೆಗನ್ ಮತ್ತು ವರ್ಜೀನಿಯಾದಲ್ಲಿ ನಾಲ್ಕು. ವರ್ಜೀನಿಯಾದಲ್ಲಿ ಪ್ರತಿ ಗಿಡಕ್ಕೂ ನಿಮ್ಮ ಹೆಸರು, ಲೈಸೆನ್ಸ್ ಅಥವಾ ಗುರುತಿನ ಚೀಟಿಯ ಸಂಖ್ಯೆ, ಸ್ವಂತ ಬಳಕೆಗೆ ಎಂಬ ಮಾತು ಇರುವ ಚೀಟಿ ಕಟ್ಟಬೇಕು. ನಮ್ಮವರು ತುಂಬಿರುವ ಸಿಯಾಟಲ್, ಬೆಲ್‌ವ್ಯೂ ಕಡೆ ಅಂಗಡಿಗಳು ಎಷ್ಟೋ ಇವೆ, ಆದರೆ ವಾಷಿಂಗ್ಟನ್ ರಾಜ್ಯದಲ್ಲೂ ಇಲಿನಾಯ್‌ನಲ್ಲೂ ಮನೆಯಲ್ಲಿ ಬೆಳೆಯುವ ಅವಕಾಶ ಔಷಧಿಗೆಂದು ನೋಂದಾಯಿಸಿಕೊಂಡ ರೋಗಿಗಳಿಗೆ ಮಾತ್ರ. ಅಂಗಡಿಯಲ್ಲಿ ಸಿಗುತ್ತದೆ ಎಂದರೆ ಮನೆಯಲ್ಲಿ ಬೆಳೆಯಬಹುದು ಎಂದಲ್ಲ. ಎಡವುವವರೆಲ್ಲ ಮೊದಲು ಎಡವುವುದು ಇಲ್ಲೇ.

ಆರು ಗಿಡದ ಕೇಸು

ಮನೆಬಳಕೆಯ ನಾಲ್ಕು ಗಿಡದ ಮೇಲೆ ಕೇಂದ್ರದವರು ಯಾಕೆ ಕಣ್ಣಿಡುತ್ತಾರೆ ಎನಿಸಬಹುದು. 2002ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಡಯಾನ್ ಮಾನ್ಸನ್ ಅವರ ಮನೆಗೆ ಫೆಡರಲ್ ಅಧಿಕಾರಿಗಳು ಬಂದರು. ವೈದ್ಯರ ಸಲಹೆಯಂತೆ ಬೆಳೆದ ಆರು ಗಿಡಗಳಿದ್ದವು. ಜೊತೆಗಿದ್ದ ಕೌಂಟಿ ಅಧಿಕಾರಿಗಳು ರಾಜ್ಯದ ಕಾನೂನಿನಂತೆ ಎಲ್ಲ ಸರಿಯಾಗಿದೆ ಎಂದರು. ಮೂರು ಗಂಟೆ ಹಗ್ಗಜಗ್ಗಾಟ ನಡೆದ ಮೇಲೆ ಆರೂ ಗಿಡಗಳನ್ನು ಕೇಂದ್ರದವರು ಕಿತ್ತು ನಾಶಮಾಡಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2005ರಲ್ಲಿ 6–3 ಬಹುಮತದ ತೀರ್ಪು ಕೇಂದ್ರದ ಪರವಾಗಿ ಬಂತು. ಮಾರದೆ, ರಾಜ್ಯದ ಗಡಿ ದಾಟಿಸದೆ, ತಾನೇ ಬಳಸಲು ಬೆಳೆದದ್ದೂ ಒಟ್ಟು ಮಾರುಕಟ್ಟೆಗೆ ತಾಗುತ್ತದೆ ಎಂಬುದು ತರ್ಕ. ಅದಕ್ಕೆ ಆಧಾರ 1942ರ ತೀರ್ಪು: ರೈತನೊಬ್ಬ ತನ್ನ ಜಮೀನಿನಲ್ಲೇ ಬಳಸಲು ಬೆಳೆದ ಹೆಚ್ಚುವರಿ ಗೋಧಿಯ ಮೇಲೂ ಕೇಂದ್ರಕ್ಕೆ ಹಿಡಿತವಿದೆ ಎಂದದ್ದು.

ನಿಜ ಹೇಳಬೇಕೆಂದರೆ, ನಾಲ್ಕಾರು ಗಿಡಕ್ಕೆ ಫೆಡರಲ್ ಪ್ರಾಸಿಕ್ಯೂಟರುಗಳು ಇವತ್ತು ಬೆನ್ನು ಹತ್ತುವುದು ಬಹಳ ಅಪರೂಪ. ಅಮೆರಿಕದ ಪ್ರಜೆಗಳಾದವರು ಈ ಧೈರ್ಯದ ಮೇಲೆ ಬದುಕಬಹುದು. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರಿಗೆ ಈ ಧೈರ್ಯ ಸಾಲದು.

ವಲಸೆ ಕಾನೂನಿನ ಕಣ್ಣಿಗೆ

ವಲಸೆ ಪೂರ್ತಿಯಾಗಿ ಫೆಡರಲ್ ವಿಷಯ. ರಾಜ್ಯ ಕೊಟ್ಟ ಅನುಮತಿ ಅಲ್ಲಿ ಲೆಕ್ಕಕ್ಕಿಲ್ಲ. ಎಚ್-1ಬಿ ಉದ್ಯೋಗ ವೀಸಾದ ಸ್ಟಾಂಪಿಂಗ್, ವಿಮಾನ ನಿಲ್ದಾಣದ ಪ್ರವೇಶ, ಗ್ರೀನ್ ಕಾರ್ಡ್ ಅರ್ಜಿ, ಈ ಮೂರು ಕಡೆಯೂ ಮಾದಕ ವಸ್ತುವಿನ ಅಪರಾಧ ಪ್ರವೇಶ ನಿರಾಕರಣೆಗೆ ಸಾಕಾದ ಕಾರಣ. ಇದಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕೆಂದೇ ಇಲ್ಲ. ಅಪರಾಧದ ಅಂಶಗಳನ್ನು ನೀವೇ ಒಪ್ಪಿಕೊಂಡರೂ ಆಯಿತು. ಫೋನಿನಲ್ಲಿ ಹಸಿರು ಎಲೆಯ ಫೋಟೋ ನೋಡಿದ ಅಧಿಕಾರಿ ‘ಇದು ನಿಮ್ಮ ಗಿಡವೇ?’ ಎನ್ನುತ್ತಾರೆ. ‘ಹೌದು ಸರ್, ನಮ್ಮ ರಾಜ್ಯದಲ್ಲಿ ಲೀಗಲ್’ ಎಂಬ ಮುಗ್ಧ ಉತ್ತರದಲ್ಲೇ ಒಪ್ಪಿಗೆ ಮುಗಿದುಹೋಗಿರುತ್ತದೆ.

ಗಡೀಪಾರಿನ ನಿಯಮದಲ್ಲಿ ಒಂದು ಸಣ್ಣ ಕಿಂಡಿ ಇದೆ: ಸ್ವಂತಕ್ಕೆಂದು 30 ಗ್ರಾಂ ಅಥವಾ ಕಡಿಮೆ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ವಿನಾಯಿತಿ. ಅದು ಇಟ್ಟುಕೊಂಡದ್ದಕ್ಕೆ ಮಾತ್ರ. ಬೆಳೆಸಿದ್ದಕ್ಕೆ ಶಿಕ್ಷೆಯಾದರೆ ಈ ಕಿಂಡಿ ಮುಚ್ಚಿದಂತೆ. ಹಾಗಾಗಿ ಜೇಬಿನಲ್ಲಿ ಸಿಕ್ಕ ಒಂದು ಪೊಟ್ಟಣಕ್ಕಿಂತ ಬಾಲ್ಕನಿಯ ಒಂದು ಕುಂಡ ಹೆಚ್ಚು ಅಪಾಯಕಾರಿ. ಇಟ್ಟುಕೊಂಡವನಿಗಿಂತ ಬೆಳೆದವನು ದೊಡ್ಡ ತಪ್ಪಿತಸ್ಥ ಎಂಬ ಲೆಕ್ಕ ವಿಚಿತ್ರ ಅನಿಸಿದರೂ ಕಾನೂನಿನ ಭಾಷೆ ಹಾಗೇ ಇದೆ.

ಪೌರತ್ವಕ್ಕೆ ಎನ್-400 ಅರ್ಜಿ ತುಂಬುವಾಗ ನಿಯಂತ್ರಿತ ವಸ್ತುಗಳ ಪ್ರಶ್ನೆಯಲ್ಲಿ ‘ಬೆಳೆಸಿದ್ದೀರಾ’ ಎಂಬ ಪದವೇ ಇದೆ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಚಟುವಟಿಕೆ ‘ಉತ್ತಮ ನಡತೆ’ಗೆ ಅಡ್ಡಿಯಾಗುತ್ತದೆ ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಗಾಂಜಾ ಅಂಗಡಿಯ ಕೆಲಸವೂ ಇದರಲ್ಲಿ ಬರುತ್ತದೆ. ಹಾಗೆಂದು ಸುಳ್ಳು ಬರೆಯಬೇಡಿ. ಸುಳ್ಳು ಹೇಳಿಕೆ ಬೇರೆಯದೇ ಅಪರಾಧ. ಈಗಾಗಲೇ ಬೆಳೆಸಿದ್ದರೆ ಅರ್ಜಿ ಹಾಕುವ ಮೊದಲು, ಊರಿಗೆ ಟಿಕೆಟ್ ಮಾಡುವ ಮೊದಲು ವಲಸೆ ವಕೀಲರನ್ನು ಕಾಣಿ. ಕ್ರಿಮಿನಲ್ ವಕೀಲರೊಬ್ಬರೇ ಸಾಲದು, ಅವರು ದಂಡ ಕಟ್ಟಿಸಿ ಕೇಸು ಮುಗಿಸಿದ್ದೇ ವಲಸೆಯ ಲೆಕ್ಕದಲ್ಲಿ ಶಿಕ್ಷೆಯಾಗಿ ನಿಲ್ಲಬಹುದು.

ಬಾಡಿಗೆ ಮನೆ ಹಂಚಿಕೊಂಡವರು ಕೇಳುವ ಪ್ರಶ್ನೆ: ಗಿಡ ರೂಂಮೇಟಿನದು, ಅವನು ಅಮೆರಿಕದ ಪ್ರಜೆ, ನನಗೇನು? ಗಿಡ ಅವನ ಬೀಗ ಹಾಕಿದ ಕೋಣೆಯಲ್ಲೇ ಇರಲಿ, ಹಾಲ್‌ನಲ್ಲೋ ಹಿತ್ತಲಲ್ಲೋ ಬೇಡ. ಆ ಕೋಣೆಯ ಕೀಲಿ ನಿಮ್ಮ ಬಳಿ ಇರಬಾರದು. ಲೈಟು, ಗೊಬ್ಬರ, ಗಿಡ ಬೆಳೆಸುವ ಟೆಂಟು ನಿಮ್ಮ ಕಾರ್ಡಿನಲ್ಲಿ ಆರ್ಡರ್ ಆಗಬಾರದು. ಅವನು ವಾರ ರಜೆ ಹೋದಾಗ ತುಳಸಿ ಗಿಡಕ್ಕೆ ಹಾಕಿದಂತೆ ಅದಕ್ಕೂ ಒಂದು ಚೊಂಬು ನೀರು ಹಾಕಿದಿರೋ, ಬೆಳೆಸುವುದರಲ್ಲಿ ನಿಮ್ಮ ಕೈಯೂ ಸೇರಿತು.

ಕೇಂದ್ರ ಕಾನೂನು ಬದಲಾದರೆ

‘ಫೆಡರಲ್ ಲೀಗಲೈಸೇಷನ್’ ಎಂದು ವಾಟ್ಸಾಪಿನಲ್ಲಿ ಓಡಾಡುವ ಸುದ್ದಿಯ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿವೆ.

ಒಂದು, ಗಾಂಜಾವನ್ನು ಒಂದನೇ ಷೆಡ್ಯೂಲಿನಿಂದ (ನಿಯಂತ್ರಿತ ವಸ್ತುಗಳ ಕಾಯ್ದೆಯ ಐದು ಪಟ್ಟಿಗಳಲ್ಲಿ ಅತಿ ಬಿಗಿಯಾದದ್ದು) ಮೂರನೆಯದಕ್ಕೆ ಇಳಿಸುವುದು. 2024ರ ಮೇನಲ್ಲಿ ನ್ಯಾಯ ಇಲಾಖೆ ಇದರ ಪ್ರಸ್ತಾವ ಮಂಡಿಸಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಇದನ್ನು ಬೇಗ ಮುಗಿಸುವಂತೆ ಆದೇಶಕ್ಕೆ ಸಹಿ ಹಾಕಿದರು. ಇದರ ದೊಡ್ಡ ಲಾಭ ಲೈಸೆನ್ಸ್ ಇರುವ ಕಂಪನಿಗಳ ತೆರಿಗೆ ಲೆಕ್ಕಕ್ಕೆ. ಮನೆಯಲ್ಲಿ ಬೆಳೆಯುವವರಿಗೆ ಏನೂ ಬದಲಾಗದು: ಮೂರನೇ ಷೆಡ್ಯೂಲಿನ ವಸ್ತುವನ್ನೂ ನೋಂದಣಿಯಿಲ್ಲದೆ ತಯಾರಿಸುವಂತಿಲ್ಲ. ವಲಸೆ ಕಾನೂನು ಹಿಡಿಯುವುದು ‘ನಿಯಂತ್ರಿತ ವಸ್ತು’ ಎಂಬ ಪದವನ್ನು, ಐದೂ ಷೆಡ್ಯೂಲುಗಳು ಅದರೊಳಗೇ ಬರುತ್ತವೆ.

ಇನ್ನೊಂದು, ಷೆಡ್ಯೂಲಿನಿಂದಲೇ ತೆಗೆದುಹಾಕುವುದು. ಇದು ನಿಜವಾದ ಬದಲಾವಣೆ. 2020ರ ಡಿಸೆಂಬರ್ ಮತ್ತು 2022ರ ಏಪ್ರಿಲ್‌ನಲ್ಲಿ ಕೆಳಮನೆ ಅಂಗೀಕರಿಸಿದ ‘ಮೋರ್’ ಮಸೂದೆ ಇದೇ ಜಾತಿಯದು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ. ಹಳೆಯ ಗಾಂಜಾ ಪ್ರಕರಣಗಳನ್ನು ವಲಸೆ ವಿಷಯದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಕಲಮು ಅದರಲ್ಲಿತ್ತು. ಮುಂದೆ ಯಾವ ಮಸೂದೆ ಬಂದರೂ ನಾವು ಮೊದಲು ಹುಡುಕಬೇಕಾದದ್ದು ಈ ಕಲಮನ್ನೇ. ಅದಿಲ್ಲದಿದ್ದರೆ ನಾಳೆ ನೆಟ್ಟ ಗಿಡ ಸರಿ, ನಿನ್ನೆ ನೆಟ್ಟದ್ದು ತಪ್ಪಾಗಿಯೇ ಉಳಿಯುವ ಸಾಧ್ಯತೆ ಇದೆ.

ಷೆಡ್ಯೂಲಿನಿಂದ ತೆಗೆದರೂ ಪ್ರತಿ ಮನೆಯಲ್ಲೂ ಗಿಡ ಬೆಳೆಯುವ ಹಕ್ಕು ತಾನಾಗಿ ಬಂದುಬಿಡುವುದಿಲ್ಲ. ಬಿಯರ್ ಕಥೆ ನೋಡಿ. 1933ರಲ್ಲಿ ಪಾನನಿಷೇಧ ಹೋಯಿತು, ಆದರೆ ಮನೆಯಲ್ಲಿ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನಿನವರೆಗೆ ಕಾಯಬೇಕಾಯಿತು. ಒಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿದ್ದರೆ 200. ಭಟ್ಟಿ ಇಳಿಸಲು ಆ ಕಾನೂನೂ ಬಿಡಲಿಲ್ಲ. ಕೇಂದ್ರ ಒಪ್ಪಿದ ಮೇಲೂ ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಗಾಂಜಾ ವಿಷಯದಲ್ಲೂ ನ್ಯೂಜೆರ್ಸಿಯ ನಿಷೇಧ ಹಾಗೇ ಉಳಿಯಬಹುದು. ಬಾಡಿಗೆ ಕರಾರು, ಕಾಲೊನಿಯ ಸಂಘದ ನಿಯಮಗಳಂತೂ ಎಲ್ಲಿಗೂ ಹೋಗುವುದಿಲ್ಲ. ಸಣ್ಣ ಬೆಳೆಗಾರರಿಗೆ ನಿಜವಾಗಿ ಸಿಗಬಹುದಾದದ್ದು ಸಸಿಗಳ ಅಂತರರಾಜ್ಯ ಸಾಗಾಟ, ಮತ್ತೆ ಸರ್ಕಾರಿ ನೆರವಿನ ಮನೆಗಳಲ್ಲಿ ಇರುವವರಿಗೆ ಹೊರಹಾಕುವ ಭಯ ಕಡಿಮೆಯಾಗುವುದು.

ಕೆನಡಾದಲ್ಲಿ ಇದು ಆಗಿಹೋಗಿದೆ. 2018ರ ಅಕ್ಟೋಬರ್ 17ರಿಂದ ದೇಶಕ್ಕೆಲ್ಲ ಮನೆಗೆ ನಾಲ್ಕು ಗಿಡ ಎಂದಾಯಿತು. ಕ್ವಿಬೆಕ್ ನಿಷೇಧಿಸಿತು, 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮ್ಯಾನಿಟೋಬಾ ನಿಷೇಧ ತೆಗೆದದ್ದು 2025ರಲ್ಲಿ. ಟೊರೊಂಟೊ ಕಡೆಯ ನಮ್ಮವರು ಗಮನಿಸಬೇಕಾದದ್ದು ಐದನೇ ಗಿಡವನ್ನು. ಮಿತಿ ಮೀರಿ ಬೆಳೆದದ್ದಕ್ಕೆ ಗರಿಷ್ಠ ಶಿಕ್ಷೆ 14 ವರ್ಷ. ಗರಿಷ್ಠ ಶಿಕ್ಷೆ 10 ವರ್ಷ ಮುಟ್ಟುವ ಅಪರಾಧದಲ್ಲಿ ದೋಷಿಯಾದ ಪಿಆರ್ (ಅಲ್ಲಿನ ಕಾಯಂ ನಿವಾಸಿ) ‘ಗಂಭೀರ ಅಪರಾಧ’ದ ಗುಂಪಿಗೆ ಸೇರುತ್ತಾರೆ. ಕೋರ್ಟ್ ಬರೀ ದಂಡ ಹಾಕಿ ಬಿಟ್ಟಿದ್ದರೂ ಗರಿಷ್ಠ ಶಿಕ್ಷೆಯೇ ಲೆಕ್ಕ.

ಪ್ರಜೆಯಾದವರಿಗೆ: ಎಣಿಕೆ ಎಲ್ಲಿ ತಪ್ಪುತ್ತದೆ

ಫೆಡರಲ್ ಶಿಕ್ಷಾ ಮಾರ್ಗಸೂಚಿಯಲ್ಲಿ ಎಲೆ ಇದ್ದು, ಕಣ್ಣಿಗೆ ಕಾಣುವ ಬೇರು ಬಿಟ್ಟಿದ್ದರೆ ಅದು ಗಿಡ. ಟ್ರೇಯಲ್ಲಿ ಹತ್ತು ಕಡ್ಡಿ ಚಿಗುರಿ ಬೇರೊಡೆದಿದ್ದರೆ ಹತ್ತು ಗಿಡ. ಬಳಕೆಗೆ ಬಾರದ ಗಂಡು ಗಿಡ ಅರ್ಧ ಬಂದೀತು ಎಂದು ಹತ್ತು ಬೀಜ ಹಾಕಿ, ಎಲ್ಲವೂ ಮೊಳೆತರೆ ಮಿತಿ ಅಲ್ಲೇ ಮೀರಿತು. ಹೆಣ್ಣು ಗಿಡವನ್ನೇ ಕೊಡುವ ಬೀಜ ತಂದು, ಮಿತಿಯಷ್ಟನ್ನೇ ನೆನೆಹಾಕಿ.

ಕೊಯ್ಲಿನ ತೂಕ ಇನ್ನೊಂದು ಬಲೆ. ಆರೆಗನ್‌ನಲ್ಲಿ ನಾಲ್ಕು ಗಿಡ ಬೆಳೆಯಬಹುದು, ಮನೆಯಲ್ಲಿ ಇಡಬಹುದಾದ ಒಣ ಸರಕು ಎಂಟು ಔನ್ಸ್, ಸುಮಾರು 227 ಗ್ರಾಂ. ಹಿತ್ತಲ ಬಿಸಿಲಲ್ಲಿ ಹುಲುಸಾಗಿ ಬಂದ ಒಂದೇ ಗಿಡ ಅದನ್ನು ದಾಟಿಸಬಲ್ಲದು. ಸಣ್ಣ ಕುಂಡದಲ್ಲಿ ಬೆಳೆಯಿರಿ, ಎಲ್ಲವನ್ನೂ ಒಟ್ಟಿಗೆ ಕೊಯ್ಯಬೇಡಿ.

ಕೋಣೆಯ 15 ಆಂಪಿಯರ್ ಸರ್ಕ್ಯೂಟಿನಲ್ಲಿ ಗಂಟೆಗಟ್ಟಲೆ ಎಳೆಯಬಹುದಾದದ್ದು ಶೇ. 80ರಷ್ಟು, ಅಂದರೆ 12 ಆಂಪಿಯರ್: 120 ವೋಲ್ಟಿನಲ್ಲಿ 1,440 ವಾಟ್. ಎರಡು 600 ವಾಟ್ ಲೈಟು, ಮೇಲೊಂದು ಹೀಟರು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರೆ ವೈರು ಕಾದು ಬೆಂಕಿ ಹತ್ತಬಹುದು. ವಾಸನೆ ಹೂವಿನ ಕೊನೆಯ ವಾರಗಳಲ್ಲಿ ಜೋರು. ಟೆಂಟಿನ ಗಾಳಿಯನ್ನು ಕಾರ್ಬನ್ ಫಿಲ್ಟರ್ ಮೂಲಕ ಹೊರಗೆ ಎಳೆಯುವ ಫ್ಯಾನ್ ಇಲ್ಲದಿದ್ದರೆ ಪಕ್ಕದ ಮನೆಯ ದೂರು ಖಚಿತ.

ಬೀಜವನ್ನು ರಾಜ್ಯದೊಳಗಿನ ಲೈಸೆನ್ಸ್ ಅಂಗಡಿಯಲ್ಲೇ ಕೊಳ್ಳಿ. ಊರಿನ ಭಂಗಿ ಬೀಜವನ್ನು ತರಕಾರಿ ಬೀಜದ ಜೊತೆ ಸೂಟ್‌ಕೇಸಿನಲ್ಲಿ ಕಟ್ಟಿಕೊಡುವ ಹಿರಿಯರಿಗೆ ಮೊದಲೇ ಹೇಳಿ: ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆಯ ಹೀರೆ ಬೀಜ ತಂದರೂ ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಭಂಗಿ ಬೀಜ ಸಿಕ್ಕರೆ ಪ್ರಶ್ನೆ ಬೀಜಕ್ಕೇ ನಿಲ್ಲುವುದಿಲ್ಲ.